ಒಂದು ದಿನ ಕಮ್ಮಿ ಬಿದ್ದರೆ: ಇಎಸ್‌ಐ ವಂತಿಗೆ ದಾಖಲೆ ಮತ್ತು ಕೆಲಸ ಹೋದಾಗ ಸಿಗುವ ಪರಿಹಾರ – ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಹಾಜರಿ ಮತ್ತು ಸಂಬಳದ ಲೆಕ್ಕ ಬರೆದವಳು. ಕೆಲಸ ಬಿಟ್ಟ ಮೇಲೂ ಜನ ಮನೆಗೆ ಬರುತ್ತಾರೆ. ಮೀನು ಪ್ಲಾಂಟಿನ ಹೆಂಗಸರು, ಕಾರವಾರದ ಹೋಟೆಲ್ ಹುಡುಗರು, ಕೈಗಾ ಅಣುಸ್ಥಾವರ ಮತ್ತು ಸೀಬರ್ಡ್ ನೌಕಾನೆಲೆ ಕಡೆ ಗುತ್ತಿಗೆದಾರರ ಕೈಕೆಳಗೆ ದುಡಿದವರು, ಶಿರಸಿಯ ಅಡಿಕೆ ಗೋದಾಮಿನವರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ರೇಷನ್ ಕಾರ್ಡು, ಆಧಾರ್, ಮಡಚಿ ಮಡಚಿ ಹರಿದ ಸಂಬಳ ಚೀಟಿ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಹೇಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೆಲಸ ಹೋದವರಿಗೆ ಇಎಸ್‌ಐನಿಂದ ದುಡ್ಡು ಬರ್ತದಂತೆ, ಹೌದಾ ಅಕ್ಕಾ?

ಹೌದು. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಬರೀ ಆಸ್ಪತ್ರೆ ಕಾರ್ಡು ಅಷ್ಟೇ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಅದಕ್ಕೆಂದು ಸಂಬಳದಿಂದ ಕಡಿಯುವ ಅದೇ ವಂತಿಗೆಯ ಮೇಲೆ ನಿರುದ್ಯೋಗ ಪರಿಹಾರದ ಎರಡು ಯೋಜನೆಗಳಿವೆ. ಒಂದು 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಇನ್ನೊಂದು 2018ರ ಜುಲೈ 1ರಿಂದ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ನಮ್ಮ ಕರಾವಳಿಯ ಹೆಚ್ಚಿನವರಿಗೆ ಬಾಗಿಲು ತೆರೆಯುವುದು ಎರಡನೆಯದು, ಆದ್ದರಿಂದ ಮೊದಲು ಅದರ ಮಾತು. ಅಟಲ್ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ಅದು ಆ ದಿನಕ್ಕೆ ಜಾರಿಯಲ್ಲಿದೆಯೇ ಎಂದು ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿಕೊಳ್ಳಿ.

ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ ಕಟ್ ಆಗಿದೆ. ಅಷ್ಟಿದ್ದರೆ ಸಾಕಲ್ಲ?

ಸಾಲದು. ಈ ಮಾತು ಹೇಳುವಾಗ ಪ್ರತಿ ಸಲವೂ ಎದುರಿಗಿದ್ದವರ ಮುಖ ಬಾಡುತ್ತದೆ.

2019ರ ಜುಲೈನಿಂದ ನೌಕರನ ಪಾಲು ಸಂಬಳದ ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25. ತಿಂಗಳಿಗೆ 14,600 ರೂಪಾಯಿ ಸಂಬಳವಿದ್ದರೆ ನಿಮ್ಮಿಂದ 110 ರೂ., ಅವರಿಂದ 475 ರೂ. ಚೀಟಿಯಲ್ಲಿ ನಿಮಗೆ ಕಾಣುವುದು ಈ 110 ಮಾತ್ರ. ಆದರೆ ಮಾಲೀಕರು ಮರುತಿಂಗಳ 15ರೊಳಗೆ ಇಎಸ್‌ಐ ಪೋರ್ಟಲ್‌ಗೆ ಏರಿಸುವ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ. ಒಂದು ಆ ತಿಂಗಳ ಒಟ್ಟು ಸಂಬಳ. ಇನ್ನೊಂದು ಎಷ್ಟು ದಿನದ ಸಂಬಳ ಎಂಬುದು. ಪರಿಹಾರ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಎರಡನೇ ಅಂಕಿ, ದಿನಗಳ ಕಾಲಮ್ಮು. ಸಿಕ್ಕರೆ ಎಷ್ಟು ಎಂದು ಹೇಳುವುದು ಮೊದಲನೇ ಅಂಕಿ.

ಆ ಕಾಲಮ್ಮನ್ನು ನಾನೂ ವರ್ಷಗಟ್ಟಲೆ ತುಂಬಿದ್ದೇನೆ. ದುಡ್ಡಿನ ಲೆಕ್ಕವನ್ನು ಪೈಸೆ ಬಿಡದೆ ತಾಳೆ ನೋಡುತ್ತಿದ್ದೆ, ಅದು ತಪ್ಪಿದರೆ ಬ್ಯಾಂಕ್ ಚಲನ್ ಹೊಂದುತ್ತಿರಲಿಲ್ಲ. ದಿನಗಳನ್ನು ಮಾತ್ರ ಹಾಜರಿ ಪುಸ್ತಕದ ‘ಪಿ’ ಗುರುತು ಎಣಿಸಿ ಹಾಕಿಬಿಡುತ್ತಿದ್ದೆ. ದಿನ ತಪ್ಪಿದರೆ ಯಾರೂ ಕೇಳುತ್ತಿರಲಿಲ್ಲ. ಅದರ ಬೆಲೆ ಏನೆಂದು ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ.

78 ದಿನ ಬೇಕು ಅಂತಾರಲ್ಲ, ಯಾವ 78 ದಿನ?

ಇಎಸ್‌ಐ ವರ್ಷವನ್ನು ಎರಡು ಹೋಳು ಮಾಡುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು ವಂತಿಗೆ ಅವಧಿ, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. 78 ಎಂದರೆ ತಿಂಗಳಿಗೆ 26 ದಿನದ ಹಾಗೆ ಮೂರು ತಿಂಗಳ ದುಡಿಮೆ.

ಅಟಲ್ ಯೋಜನೆ ಬಂದ ಹೊಸದರಲ್ಲಿ ಶರತ್ತು ಬಿಗಿಯಾಗಿತ್ತು. ಕೆಲಸ ಹೋಗುವ ಮುಂಚಿನ ನಾಲ್ಕೂ ಅವಧಿಗಳಲ್ಲಿ ತಲಾ 78 ದಿನ ಬೇಕಿತ್ತು, ಕೊಡುತ್ತಿದ್ದುದು ದಿನದ ಸರಾಸರಿ ಗಳಿಕೆಯ ಶೇಕಡಾ 25. ಕೊರೋನಾ ಬಂದಾಗ, 2020ರ ಮಾರ್ಚ್ 24ರಿಂದ, ಅದನ್ನು ಸಡಿಲಿಸಿದರು. ಈಗ ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು, ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ ಇರಲೇಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ 78 ಇದ್ದರೆ ಸಾಕು. ಕೊಡುವುದು ಶೇಕಡಾ 50.

ಒಂದು ಉದಾಹರಣೆ ಹೇಳುತ್ತೇನೆ. 2025ರ ಜೂನ್ 10ಕ್ಕೆ ಕೆಲಸ ಹೋಯಿತು ಎಂದಿಟ್ಟುಕೊಳ್ಳಿ. ಆಗ ಹಿಂದಿನ ಅವಧಿ ಎಂದರೆ 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನದು. ಅಲ್ಲಿ 78 ಕಡ್ಡಾಯ. ಉಳಿದ ಮೂರು, 2024ರ ಏಪ್ರಿಲ್–ಸೆಪ್ಟೆಂಬರ್, ಅದರ ಹಿಂದಿನ ಅಕ್ಟೋಬರ್–ಮಾರ್ಚ್, 2023ರ ಏಪ್ರಿಲ್–ಸೆಪ್ಟೆಂಬರ್. ಇವುಗಳಲ್ಲಿ ಒಂದರಲ್ಲಿ 78 ಇದ್ದರಾಯಿತು.

ನಮ್ಮಲ್ಲಿ ಮಳೆಗಾಲ ಎರಡು ತಿಂಗಳು ಕೆಲಸವೇ ಇರೋದಿಲ್ಲ. ನಮ್ಮ ಗತಿ?

ಈ ಪ್ರಶ್ನೆಗಾಗಿಯೇ ಇದನ್ನೆಲ್ಲ ಬರೆಯಲು ಕುಳಿತೆ ಎಂದರೂ ತಪ್ಪಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಸಮುದ್ರಕ್ಕಿಳಿಯಲು ನಿಷೇಧ. ಬೈತಖೋಲ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ಬಂದರುಗಳಲ್ಲೂ ಬೋಟು ದಡ ಹತ್ತುತ್ತದೆ. ಮೀನು ಬರದಿದ್ದರೆ ಪ್ಲಾಂಟಿಗೂ ಐಸ್ ಫ್ಯಾಕ್ಟರಿಗೂ ಕೆಲಸವಿಲ್ಲ. ಈ 61 ದಿನವೂ ಏಪ್ರಿಲ್–ಸೆಪ್ಟೆಂಬರ್ ಹೋಳಿನ ಹೊಟ್ಟೆಯಲ್ಲೇ ಬೀಳುತ್ತವೆ. ನಿಯಮ ಮಾಡಿದವರಿಗೆ ನಮ್ಮ ಮಳೆ ಗೊತ್ತಿರಲಿಕ್ಕಿಲ್ಲ, ಆದರೆ ಅದರ ಪರಿಣಾಮ ನಮ್ಮ ಮೇಲಿದೆ.

ಹೇಗೆಂದರೆ, ಮೇ ತಿಂಗಳಲ್ಲಿ ಕೆಲಸ ಹೋದರೆ ಅಳೆಯುವುದು ಅಕ್ಟೋಬರ್–ಮಾರ್ಚ್ ಹೋಳನ್ನು. ಆಗ ನಮ್ಮಲ್ಲಿ ಕೆಲಸದ ಸುಗ್ಗಿ, 78 ಸುಲಭವಾಗಿ ದಾಟುತ್ತದೆ. ಅದೇ ಮನುಷ್ಯನ ಕೆಲಸ ನವೆಂಬರ್‌ನಲ್ಲಿ ಹೋದರೆ ಅಳೆಯುವುದು ಮಳೆಗಾಲದ ಹೋಳನ್ನು. ಎಂಟು ವರ್ಷ ದುಡಿದಿದ್ದರೂ ಅಷ್ಟೇ. ಹಿಂದಿನ ಅಕ್ಟೋಬರ್–ಮಾರ್ಚ್‌ನಲ್ಲಿ 140 ದಿನ ಇದ್ದರೂ ಅದು ಮಳೆಗಾಲದ ಕೊರತೆ ತುಂಬುವುದಿಲ್ಲ. ಒಂದು ಹೋಳಿನ ಹೆಚ್ಚಿನ ದಿನ ಇನ್ನೊಂದಕ್ಕೆ ಜಮೆಯಾಗುವುದಿಲ್ಲ.

ಸಿಗಡಿ ಸುಲಿಯುವ ಕೆಲಸದಲ್ಲಿದ್ದ ಒಬ್ಬ ತಂಗಿ ಹೀಗೆಯೇ ಬಂದಳು. ನವೆಂಬರ್‌ನಲ್ಲಿ ಅವಳನ್ನೂ ಇನ್ನೂ ಕೆಲವರನ್ನೂ ಬಿಡಿಸಿದ್ದರು. ಅರ್ಜಿ ಹಾಕಿದರೆ ಅರ್ಹತೆ ಇಲ್ಲ ಎಂದು ಬಂತು. ದಾಖಲೆ ತೆರೆದು ನೋಡಿದೆವು. ಏಪ್ರಿಲ್ 22, ಮೇ 21, ಜೂನ್ ಸೊನ್ನೆ, ಜುಲೈ ಸೊನ್ನೆ, ಆಗಸ್ಟ್ 14, ಸೆಪ್ಟೆಂಬರ್ 20. ಮೂರು ಸಲ ಕೂಡಿಸಿದೆ. 77.

ಅವಳ ಚೀಲದಲ್ಲಿ ಮೇ ತಿಂಗಳ ಚೀಟಿ ಇತ್ತು. ನೀರು ತಾಗಿ ಅಂಚು ಅಂಟಿಕೊಂಡಿತ್ತು, ನಿಧಾನ ಬಿಡಿಸಿ ಕಿಟಕಿ ಬೆಳಕಿಗೆ ಹಿಡಿದೆ. ಅದರಲ್ಲಿ 22 ದಿನದ ಸಂಬಳ. ಮೇ 1ರ ಕಾರ್ಮಿಕ ದಿನದ ರಜೆಗೆ ಸಂಬಳ ಕೊಟ್ಟಿದ್ದರು, ಕೊಡಲೇಬೇಕು. ಆದರೆ ಪಟ್ಟಿ ತುಂಬಿದವರು ಹಾಜರಿ ಗುರುತು ಮಾತ್ರ ಎಣಿಸಿದ್ದರು. ನಾನು ಎಣಿಸುತ್ತಿದ್ದ ಹಾಗೆಯೇ. ಅವಳು ಹೋದ ಮೇಲೂ ನನಗೆ ಬಹಳ ಹೊತ್ತು ಸಮಾಧಾನವಾಗಲಿಲ್ಲ.

ಚೀಟಿಯ ಪ್ರತಿ ಇಟ್ಟು ಆಫೀಸಿಗೊಂದು, ಬ್ರಾಂಚಿಗೊಂದು ಪತ್ರ ಬರೆದೆವು. ಆಫೀಸಿನವರು ತಪ್ಪು ಒಪ್ಪಿ ತಿದ್ದುಪಡಿಗೆ ಬರೆದುಕೊಟ್ಟರು. ತಿಂಗಳುಗಳೇ ಹಿಡಿದವು. ಕೊನೆಗೆ 78 ಆಯಿತು, ದುಡ್ಡೂ ಬಂತು. ಆ ಚೀಟಿಯನ್ನು ಅವಳು ಎಸೆದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಹಾಗಾದರೆ ಕೆಲಸಕ್ಕೆ ಹೋಗದ ದಿನವೂ ಲೆಕ್ಕಕ್ಕೆ ಬರುತ್ತದಾ?

ಸಂಬಳ ಕೊಟ್ಟ ಅಥವಾ ಕೊಡಬೇಕಾದ ದಿನ ಬರುತ್ತದೆ. ಹಾಜರಿ ಬೇರೆ, ಸಂಬಳದ ದಿನ ಬೇರೆ. ಗಳಿಕೆ ರಜೆ ಹಾಕಿ ಸಂಬಳ ಪಡೆದ ದಿನ ಸೇರುತ್ತದೆ. ತಿಂಗಳ ಸಂಬಳದವರಿಗೆ ವಾರದ ರಜೆಯೂ ಸೇರುತ್ತದೆ. ದಿನಗೂಲಿಯವರಿಗೆ, ಕಿಲೋ ಲೆಕ್ಕದಲ್ಲಿ ಸುಲಿಯುವವರಿಗೆ ಭಾನುವಾರಕ್ಕೆ ಸಂಬಳವಿಲ್ಲದಿದ್ದರೆ ಸೇರುವುದಿಲ್ಲ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಸಂಬಳ ಸಹಿತ ರಜೆಗಳು, ಜೊತೆಗೆ ಐದು ಹಬ್ಬದ ರಜೆ. ಇವುಗಳಲ್ಲಿ ಎರಡು ಮಳೆಗಾಲದ ಹೋಳಿನಲ್ಲೇ ಇವೆ, ನೋಡಿ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ. ಕೆಲಸವಿಲ್ಲವೆಂದು ಮಾಲೀಕರು ಲೇ-ಆಫ್ ಮಾಡಿ ಅರ್ಧ ಸಂಬಳದ ಪರಿಹಾರ ಕೊಟ್ಟರೆ ಆ ದಿನಗಳೂ ವಂತಿಗೆಯ ದಿನಗಳೇ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆ ಸಂಬಳ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೇ ಲೇ-ಆಫ್ ಅವಧಿಯ ಪಾವತಿ ಸೇರಿತ್ತು. 50 ಅಥವಾ ಹೆಚ್ಚು ಕೆಲಸಗಾರರಿರುವ, ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ಸೇವೆ ಆದವರಿಗೆ ಈ ಪರಿಹಾರದ ಹಕ್ಕಿದೆ. ಮಳೆಗಾಲದಲ್ಲಿ ‘ಸ್ವಲ್ಪ ದಿನ ಬರಬೇಡಿ’ ಎಂದು ಬಾಯಿಮಾತಿನಲ್ಲಿ ಕಳಿಸಿಬಿಟ್ಟರೆ ದುಡ್ಡೂ ಹೋಯಿತು, ದಿನವೂ ಹೋಯಿತು. ಬರಬೇಡಿ ಎಂದಾಗ ಅದು ಲೇ-ಆಫೋ ಅಲ್ಲವೋ ಎಂದು ಕೇಳಿ, ನೋಟಿಸ್ ಬೋರ್ಡಿಗೆ ಹಾಕಲು ಹೇಳಿ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಆಚೆ ದಡದ ಕೆಲಸಕ್ಕೆ ಈಚೆಯವರು ಹೋಗಲಾಗಲಿಲ್ಲ. ಅಂಥ ದುರಂತದಲ್ಲಿ ಜೀವ ಉಳಿದದ್ದೇ ದೊಡ್ಡದು, ದಿನ ಎಣಿಸುವ ಮನಸ್ಸು ಯಾರಿಗಿತ್ತು? ಆದರೆ ದಾಖಲೆಗೆ ಕಾರಣ ತಿಳಿಯುವುದಿಲ್ಲ. ರಜೆ ಅರ್ಜಿ ಕೊಟ್ಟು ಗಳಿಕೆ ರಜೆಗೆ ಹಾಕಿಸಿಕೊಂಡವರ ದಿನ ಉಳಿಯುತ್ತದೆ, ಸುಮ್ಮನೆ ಮನೆಯಲ್ಲಿದ್ದವರದು ಸೊನ್ನೆ. ಗುಡ್ಡ ಜರಿದರೂ, ನೆರೆ ಬಂದರೂ, ಕೆಲಸಕ್ಕೆ ಮರಳಿದ ದಿನವೇ ಆ ರಜೆ ಅರ್ಜಿ ಬರೆದುಕೊಡಿ.

ಎಷ್ಟು ದುಡ್ಡು ಸಿಗುತ್ತದೆ?

ಜೀವಮಾನದಲ್ಲಿ ಒಟ್ಟು 90 ದಿನದವರೆಗೆ. ಲೆಕ್ಕ ಹೀಗೆ: ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಬಳ ಕೂಡಿಸಿ 730ರಿಂದ ಭಾಗಿಸುತ್ತಾರೆ. ಬಂದದ್ದರ ಅರ್ಧ ದಿನದ ಪರಿಹಾರ.

ಇಪ್ಪತ್ನಾಲ್ಕು ತಿಂಗಳೂ 14,600 ರೂ. ಬಂದಿದ್ದರೆ ಒಟ್ಟು 3,50,400. ಭಾಗಿಸಿದರೆ 480. ಅರ್ಧ 240 ರೂ. 90 ದಿನಕ್ಕೆ 21,600 ರೂ. ಅದೇ ಸಂಬಳದವರಿಗೆ ಎರಡು ವರ್ಷವೂ ಜೂನ್, ಜುಲೈ ಸೊನ್ನೆಯಾಗಿದ್ದರೆ ಇಪ್ಪತ್ತೇ ತಿಂಗಳ ಸಂಬಳ, 2,92,000. ಭಾಗಿಸುವುದು ಮಾತ್ರ ಆಗಲೂ 730ರಿಂದಲೇ. ದಿನಕ್ಕೆ 400, ಅರ್ಧ 200, ಒಟ್ಟು 18,000. ಮಳೆಗಾಲದ ಸೊನ್ನೆಗಳು ಹೀಗೆ ಎರಡನೇ ಸಲ ಬಂದು ಕಡಿಯುತ್ತವೆ. ಆದರೂ ಮಕ್ಕಳ ಫೀಸು, ಮನೆ ಬಾಡಿಗೆ ಬಾಕಿ ಇರುವಾಗ 18,000 ಸಣ್ಣ ಮೊತ್ತವಲ್ಲ.

ಗುತ್ತಿಗೆದಾರ ಬದಲಾದಾಗೆಲ್ಲ ಹೊಸ ಇಎಸ್‌ಐ ನಂಬರ್ ಕೊಡುತ್ತಾರೆ. ತೊಂದರೆ ಇದೆಯಾ?

ಇದೆ, ದೊಡ್ಡ ತೊಂದರೆ. ನಿಮ್ಮ ಹತ್ತು ಅಂಕಿಯ ವಿಮಾ ನಂಬರ್ ಜೀವಮಾನಕ್ಕೆ ಒಂದೇ. ಕೆಲಸ ಬದಲಾದರೂ, ಊರು ಬದಲಾದರೂ, ಗುತ್ತಿಗೆದಾರ ಬದಲಾದರೂ ಅದೇ ನಡೆಯಬೇಕು. ಕೈಗಾ, ಸೀಬರ್ಡ್ ಕಡೆ ಗೇಟು ಅದೇ, ಕೆಲಸ ಅದೇ, ಗುತ್ತಿಗೆದಾರ ಮಾತ್ರ ವರ್ಷಕ್ಕೊಬ್ಬ. ಹೊಸಬ ಬಂದಾಗ ಹಳೇ ನಂಬರ್ ಕೇಳದೆ ಹೊಸದು ಮಾಡಿದರೆ ನಿಮ್ಮ ದಾಖಲೆ ಎರಡು ತುಂಡು. ಹಳೆಯದರಲ್ಲಿ ಒಂದೂವರೆ ವರ್ಷ, ಹೊಸದರಲ್ಲಿ ಏಳು ತಿಂಗಳು. ಕೂಡಿಸಿದರೆ ಎರಡು ವರ್ಷ ದಾಟಿದೆ, ಕಂಪ್ಯೂಟರಿಗೆ ಮಾತ್ರ ಎರಡೂ ಕಡೆ ಎರಡು ವರ್ಷ ಕಾಣುವುದಿಲ್ಲ.

ಹೊಸ ಗುತ್ತಿಗೆದಾರರ ಫಾರಂ ತುಂಬುವಾಗ ಮೊದಲೇ ವಿಮೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಹಳೇ ನಂಬರ್ ಒಂದು ಕಾಗದದಲ್ಲಿ ಬರೆದು ಕೈಗೆ ಕೊಡಿ. ಈಗಾಗಲೇ ಎರಡು ನಂಬರ್ ಆಗಿದ್ದರೆ ಕೆಲಸ ಇರುವಾಗಲೇ ಎರಡೂ ಕಾರ್ಡು, ಆಧಾರ್ ಹಿಡಿದು ಬ್ರಾಂಚ್ ಆಫೀಸಿಗೆ ಹೋಗಿ ಒಂದು ಮಾಡಿಸಿ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದರೆ ಅದನ್ನೂ ಅದೇ ದಿನ ಸರಿಮಾಡಿಸಿ. ನಮ್ಮ ಕಡೆ ಮದುವೆಯಾದ ಮೇಲೆ ಹೆಸರು ಬದಲಾಗುವ ರೂಢಿಯಿಂದ ಹೆಂಗಸರ ದಾಖಲೆಯಲ್ಲಿ ಈ ಗೋಜಲು ಹೆಚ್ಚು. ಆಧಾರ್ ಮತ್ತು ಬ್ಯಾಂಕ್ ಖಾತೆ ವಿಮಾ ದಾಖಲೆಗೆ ಜೋಡಣೆಯಾಗಿರದಿದ್ದರೆ ಅಟಲ್ ಯೋಜನೆಯ ದುಡ್ಡು ಬರುವುದೇ ಇಲ್ಲ.

ಸಂಬಳದಲ್ಲಿ ಕಡಿದಿದ್ದಾರೆ, ಆದರೆ ಕಟ್ಟೇ ಇಲ್ಲ. ನನ್ನ ತಪ್ಪಾ ಅದು?

ಅಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. ವಂತಿಗೆ ಎಂದಾಗೆಲ್ಲ ಕಾಯ್ದೆಯ ಮಾತು ‘ಕಟ್ಟಿದ ಅಥವಾ ಕಟ್ಟಬೇಕಾಗಿದ್ದ’ ಎಂದು. 1948ರ ಕಾಯ್ದೆಯ 68ನೇ ಕಲಮು ಇದನ್ನೇ ಬಿಡಿಸಿ ಹೇಳಿತ್ತು: ಮಾಲೀಕರು ಕಟ್ಟದ ಕಾರಣಕ್ಕೆ ಕೆಲಸಗಾರರಿಗೆ ಸವಲತ್ತು ತಪ್ಪಿದರೆ ಇಎಸ್‌ಐ ನಿಗಮವೇ ಸವಲತ್ತು ಕೊಟ್ಟು ಅದನ್ನು ಮಾಲೀಕರಿಂದ ವಸೂಲು ಮಾಡಬಹುದು. ಗುತ್ತಿಗೆ ಕೆಲಸದಲ್ಲಿ ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕರದು. ತಡವಾದ ವಂತಿಗೆಗೆ ವರ್ಷಕ್ಕೆ ಶೇಕಡಾ 12 ಬಡ್ಡಿ.

ಕಾನೂನು ನಿಮ್ಮ ಪರ ಇದೆ, ಆದರೆ ಸಂಬಳ ಕಡಿದದ್ದಕ್ಕೆ ಸಾಕ್ಷಿ ನೀವು ಕೊಡಬೇಕು. ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್, ನೇಮಕಾತಿ ಪತ್ರ, ಯಾವುದಿದ್ದರೆ ಅದು. ಚೀಟಿ ಕೊಡದ ಕಡೆ, ಸಂಬಳ ಪುಸ್ತಕಕ್ಕೆ ಸಹಿ ಹಾಕುವಾಗ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ದೂರನ್ನು ಬರಹದಲ್ಲಿ ಬ್ರಾಂಚ್ ಆಫೀಸಿಗೆ ಕೊಟ್ಟು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಶುಲ್ಕವಿಲ್ಲದ ಸಹಾಯವಾಣಿ 1800 11 2526.

‘ರಾಜೀನಾಮೆ ಬರೆದುಕೊಡು, ಲೆಕ್ಕ ಚುಕ್ತಾ ಮಾಡ್ತೇವೆ’ ಅಂದರು. ಬರೆದುಕೊಡಲಾ?

ನೀವಾಗಿ ಬಿಡುತ್ತಿಲ್ಲ ಎಂದಾದರೆ ಬರೆದುಕೊಡಬೇಡಿ. ಈ ಪರಿಹಾರ ಕೆಲಸ ಕಳೆದುಕೊಂಡವರಿಗೆ. ದುರ್ನಡತೆಗೆ ಶಿಕ್ಷೆಯಾಗಿ ತೆಗೆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇಲ್ಲ.

ಪೋರ್ಟಲ್‌ನ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ದಿನ ಸೊನ್ನೆಯಾದರೆ ಕಾರಣದ ಸಂಖ್ಯೆಯೊಂದನ್ನು ಹಾಕಬೇಕು. ರಜೆಯಲ್ಲಿದ್ದರೆ 1, ಕೆಲಸ ಬಿಟ್ಟರೆ 2, ನಿವೃತ್ತಿಗೆ 3, ಛಾಂಟಿಗೆ, ಅಂದರೆ ಜನ ಹೆಚ್ಚಾಯಿತೆಂದು ತೆಗೆದರೆ, 10, ಕೆಲಸವಿಲ್ಲ ಎಂಬುದಕ್ಕೆ 11. ಆಫೀಸಿನ ಗಡಿಬಿಡಿಯಲ್ಲಿ ಎಲ್ಲರಿಗೂ 2 ಹೊಡೆದುಬಿಡುವುದು ರೂಢಿ. ಹತ್ತು ಎಂದು ಇರಬೇಕಾದಲ್ಲಿ ಎರಡು ಎಂದು ಬಿದ್ದರೆ ನಿಮ್ಮನ್ನು ತೆಗೆದರು ಎಂಬುದು ಹೋಗಿ ನೀವೇ ಬಿಟ್ಟಿರಿ ಎಂದಾಗುತ್ತದೆ. ಲೆಕ್ಕ ಬರೆಯುವ ಅಣ್ಣಂದಿರು, ಅಕ್ಕಂದಿರು ಇದನ್ನು ಓದುತ್ತಿದ್ದರೆ ನನ್ನ ಕೈಮುಗಿದ ಕೋರಿಕೆ: ಆ ಸಂಖ್ಯೆ ಹಾಕುವ ಮುಂಚೆ ಒಂದು ಗಳಿಗೆ ನಿಂತು ನೋಡಿ.

ಸಂಬಳ 21,000 ದಾಟಿತು, ಇಎಸ್‌ಐ ನಿಲ್ಲಿಸಿದರು. ಆರು ತಿಂಗಳ ಮೇಲೆ ಕೆಲಸವೂ ಹೋಯಿತು.

2017ರ ಜನವರಿಯಿಂದ ಮಿತಿ 21,000 ರೂ., ಅಂಗವಿಕಲರಿಗೆ 25,000. ವಂತಿಗೆ ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ವಂತಿಗೆ ಕಡಿಯಲೇಬೇಕು, ಜೂನ್‌ನಲ್ಲಿ ಸಂಬಳ ಏರಿದರೆ ಸೆಪ್ಟೆಂಬರ್‌ವರೆಗೆ. ಓವರ್‌ಟೈಮ್ ದುಡ್ಡನ್ನು ಮಿತಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅದನ್ನು ಹಿಡಿದು ನಿಮ್ಮನ್ನು ಹೊರಗೆ ಹಾಕಿದ್ದರೆ ತಪ್ಪು, ಪ್ರಶ್ನಿಸಿ. ನಿಜಕ್ಕೂ ಮಿತಿ ದಾಟಿ ಹಿಂದಿನ ಇಡೀ ಅವಧಿಯಲ್ಲಿ ವಂತಿಗೆಯೇ ಇಲ್ಲದಿದ್ದರೆ ಮಾತ್ರ ಈ ಪರಿಹಾರ ಸಿಗದು.

ನನ್ನ ದಾಖಲೆ ನಾನೇ ನೋಡಬಹುದಾ?

ನೋಡಬಹುದು, ನೋಡಬೇಕು. ಉಮಂಗ್ ಆ್ಯಪ್‌ನಲ್ಲಿ ಅಥವಾ ಇಎಸ್‌ಐಸಿ ಪೋರ್ಟಲ್‌ನ ವಿಮಾದಾರರ ಲಾಗಿನ್‌ನಲ್ಲಿ ವಿಮಾ ನಂಬರ್ ಹಾಕಿದರೆ ತಿಂಗಳುವಾರು ದಿನ, ಸಂಬಳ, ವಂತಿಗೆ ಕಾಣುತ್ತದೆ. ಮೊಬೈಲ್ ನಂಬರ್ ದಾಖಲೆಯಲ್ಲಿ ಸರಿಯಿದ್ದರೆ ಒಟಿಪಿ ಬರುತ್ತದೆ. ಎಷ್ಟೋ ಸಲ ಅಲ್ಲಿ ಗುತ್ತಿಗೆದಾರನ ಸೂಪರ್‌ವೈಸರ್ ನಂಬರೇ ಇರುತ್ತದೆ. ಹಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.

ನನ್ನ ಅಭ್ಯಾಸ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಸಂಬಳದ ದಿನಗಳನ್ನೂ ಗುರುತು ಮಾಡಲು ಎಲ್ಲರಿಗೂ ಹೇಳುತ್ತೇನೆ. ತಿಂಗಳ 20ನೇ ತಾರೀಖಿನ ಮೇಲೆ ಆ್ಯಪ್ ತೆರೆದು ಹಿಂದಿನ ತಿಂಗಳ ದಿನಕ್ಕೆ ಹೋಲಿಸಿ. ಒಂದು ದಿನ ಕಮ್ಮಿ ಕಂಡರೂ ಅಂದೇ ಆಫೀಸಿಗೆ ಹೋಗಿ. ಅವಧಿ ನಡೆಯುತ್ತಿರುವಾಗ ತಿದ್ದುವುದು ಸುಲಭ. ಅದು ಮುಗಿದು ಬಹಳ ದಿನ ಕಳೆದರೆ ಮಾಲೀಕರಿಗೂ ಮೇಲಿನ ಆಫೀಸಿನ ಅನುಮತಿ ಬೇಕಾಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನೇ ಊರು ಬಿಟ್ಟಿರುತ್ತಾನೆ.

ಅರ್ಜಿ ಯಾವಾಗ, ಎಲ್ಲಿ?

ಕೆಲಸ ಹೋಗಿ 30 ದಿನ ತುಂಬಿದ ಮೇಲೆ ಪರಿಹಾರಕ್ಕೆ ಅರ್ಹತೆ. ಮೊದಲು 90 ದಿನ ಕಾಯಬೇಕಿತ್ತು. ಕೆಲಸ ಹೋದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕೆಲಸ ಹೋಗಲಿದೆ ಎಂದು ಮುಂಚೆಯೇ ಹಾಕುವಂತಿಲ್ಲ. ಈಗ ಹಳೇ ಮಾಲೀಕರ ಮೂಲಕ ಹೋಗುವ ಅಗತ್ಯವಿಲ್ಲ. ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು ಅಥವಾ ನಿಮ್ಮ ವಿಮಾ ದಾಖಲೆಯಲ್ಲಿರುವ ಬ್ರಾಂಚ್ ಆಫೀಸಿಗೆ ಕೊಡಬಹುದು. ಎರಡು ಕಡೆ ಕೆಲಸ ಮಾಡುತ್ತಿದ್ದು ಒಂದು ಕಡೆ ಮಾತ್ರ ಹೋಗಿದ್ದರೆ ಅದು ನಿರುದ್ಯೋಗ ಎನಿಸುವುದಿಲ್ಲ. ಅದೇ ದಿನಗಳಿಗೆ ಇಎಸ್‌ಐನ ಕಾಯಿಲೆ ಭತ್ಯೆಯನ್ನೂ ಇದನ್ನೂ ಒಟ್ಟಿಗೆ ಪಡೆಯುವಂತಿಲ್ಲ.

ಕಾರ್ಖಾನೆಯೇ ಬಂದ್ ಆದರೆ?

ಆಗ ರಾಜೀವ್ ಗಾಂಧಿ ಯೋಜನೆ ನೋಡಿ, ಅದು ದೊಡ್ಡದು. ಕಾರ್ಖಾನೆ ಮುಚ್ಚಿದರೆ, ಛಾಂಟಿ ಮಾಡಿದರೆ ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಅಪಘಾತದಿಂದ ಶೇಕಡಾ 40ಕ್ಕಿಂತ ಕಮ್ಮಿಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಹೋದರೆ ಇದು ಸಿಗುತ್ತದೆ. ಕೆಲಸ ಹೋಗುವ ಮುಂಚೆ ಎರಡು ವರ್ಷದ ವಂತಿಗೆ ಇರಬೇಕು. ಒಟ್ಟು 24 ತಿಂಗಳವರೆಗೆ, ಮೊದಲ 12 ತಿಂಗಳು ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ, ಜೊತೆಗೆ ಮನೆಯವರಿಗೆಲ್ಲ ಚಿಕಿತ್ಸೆ. ಗುತ್ತಿಗೆ ಮುಗಿದು ಹೋದವರು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ, ಅವರಿಗೆ ಅಟಲ್ ಯೋಜನೆಯೇ. ಮುಚ್ಚುವ ಆದೇಶ ಅಥವಾ ಛಾಂಟಿ ಪತ್ರದ ಪ್ರತಿ ಇಲ್ಲದೆ ಗೇಟಿನಿಂದ ಹೊರಗೆ ಬರಬೇಡಿ.

ಬೋಟಿನಲ್ಲಿ ಹೋಗುವವರಿಗೆ? ಅಡಿಕೆ ಸುಲಿಯುವವರಿಗೆ?

ಪಾಲಿನ ಲೆಕ್ಕದಲ್ಲಿ ಬೋಟಿಗೆ ಹೋಗುವ ಖಲಾಸಿಗಳು, ಶಿರಸಿ ಸಿದ್ದಾಪುರದ ಕಡೆ ಮನೆಮನೆಯಲ್ಲಿ ಕುಳಿತು ಅಡಿಕೆ ಸುಲಿಯುವವರು ಇಎಸ್‌ಐ ಒಳಗೆ ಬರುವುದಿಲ್ಲ. ಮೀನುಗಾರರಿಗೆ ಬೇರೆಯೇ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರಿಕೆ ನಡೆಯುವ ತಿಂಗಳುಗಳಲ್ಲಿ ಕಂತು ಕಟ್ಟಿದರೆ ಸರ್ಕಾರಗಳು ತಮ್ಮ ಪಾಲು ಸೇರಿಸಿ ನಿಷೇಧದ ದಿನಗಳಲ್ಲಿ ಕೊಡುತ್ತವೆ. ಅಲ್ಲಿಯೂ ಕಂತು ತಪ್ಪಿಸಿದರೆ ಹೆಸರು ಬಿಡುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಅಡಿಕೆ ಗೋದಾಮು, ಅಂಗಡಿ, ಸಂಸ್ಕರಣಾ ಘಟಕದಲ್ಲಿ 10 ಅಥವಾ ಹೆಚ್ಚು ಜನ ಸಂಬಳಕ್ಕಿದ್ದರೆ ಮಾತ್ರ ಅದು ಇಎಸ್‌ಐ ವ್ಯಾಪ್ತಿಯ ಮಾತು.

ಯುವನಿಧಿ, ಪಿಎಫ್ ಇವೂ ಇದೇನಾ?

ಅಲ್ಲ. ಯುವನಿಧಿ ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ರಾಜ್ಯ ಸರ್ಕಾರ ಕೊಡುವುದು, ಅದಕ್ಕೆ ವಂತಿಗೆ ದಾಖಲೆ ಬೇಡ. ಪಿಎಫ್ ನಿಮ್ಮದೇ ಉಳಿತಾಯ. ಪಿಎಫ್ ತೆಗೆದರೆ ಇಎಸ್‌ಐ ಪರಿಹಾರ ತಪ್ಪುತ್ತದೆ ಎಂಬ ಹೆದರಿಕೆ ಬೇಡ.

ಕೆಲಸ ಹೋದ ಮಾರನೇ ದಿನದಿಂದ ಆಸ್ಪತ್ರೆ ಕಾರ್ಡು ನಡೆಯುವುದಿಲ್ಲವಾ?

ನಡೆಯುತ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಮುಂದಿನ ಜನವರಿ–ಜೂನ್ ಸವಲತ್ತಿನ ಅವಧಿ, ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈ–ಡಿಸೆಂಬರ್. ಅಂದರೆ ಮಾರ್ಚ್‌ವರೆಗೆ 78 ದಿನ ಇದ್ದು ಜೂನ್‌ನಲ್ಲಿ ಕೆಲಸ ಹೋದರೂ ಡಿಸೆಂಬರ್‌ವರೆಗೆ ಚಿಕಿತ್ಸೆ ಇದೆ. ಗರ್ಭಿಣಿ ಹುಡುಗಿಯೊಬ್ಬಳು ಕಾರ್ಡು ಸತ್ತುಹೋಯಿತು ಎಂದುಕೊಂಡು ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ದಾಂಡೇಲಿಯ ಇಎಸ್‌ಐ ಆಸ್ಪತ್ರೆಗೆ ಹೋಗಲು ಅವಳಿಗೆ ಇನ್ನೂ ನಾಲ್ಕು ತಿಂಗಳು ಹಕ್ಕಿತ್ತು. ಯಾರೂ ಹೇಳಿರಲಿಲ್ಲ.

ಇವತ್ತು ಸೆಪ್ಟೆಂಬರ್ 20. ನನ್ನದು 71 ದಿನ ಆಗಿದೆ. ಪ್ಲಾಂಟಿನಲ್ಲಿ ಜನ ಕಮ್ಮಿ ಮಾಡ್ತಾರಂತೆ. ಏನು ಮಾಡಲಿ?

ಇನ್ನು ಏಳು ದಿನ ಬೇಕು, ಉಳಿದಿರುವುದು ಹತ್ತು. ಭಾನುವಾರ ಕಳೆದರೆ ಎಂಟೋ ಒಂಬತ್ತೋ. ಮದುವೆ, ಊರ ಕೆಲಸ ಏನೇ ಇದ್ದರೂ ಈ ತಿಂಗಳು ಮುಂದೂಡಿ. ಮೈಗೆ ಹುಷಾರಿಲ್ಲದೆ ಒಂದು ದಿನ ಏಳಲಾಗದಿದ್ದರೆ ಗಳಿಕೆ ರಜೆ ಬಾಕಿ ಇದೆಯೇ ನೋಡಿ, ಇದ್ದರೆ ಅಂದೇ ಅರ್ಜಿ ಕಳಿಸಿ. ಚೌತಿ ರಜೆಗೆ ಸಂಬಳ ಕೊಟ್ಟಿದ್ದರೆ ಆ ದಿನ ನಿಮ್ಮ 71ರಲ್ಲಿ ಸೇರಿದೆಯೇ, ಆಗಸ್ಟ್ 15, ಮೇ 1 ಸೇರಿವೆಯೇ ಎಂದು ಚೀಟಿ ತೆಗೆದು ಎಣಿಸಿ. ಸೇರಿಲ್ಲದಿದ್ದರೆ ಲೆಕ್ಕ ಬರೆಯುವವರ ಹತ್ತಿರ ನಾಳೆ ಬೆಳಿಗ್ಗೆಯೇ ಹೋಗಿ, ಅಕ್ಟೋಬರ್ 15ಕ್ಕೆ ಅವರು ಸೆಪ್ಟೆಂಬರ್ ಪಟ್ಟಿ ಏರಿಸುವ ಮುಂಚೆ.